ಎಷ್ಟು ಮಂದಿ ಕೂಡಿದರೆ ಮೇಳ?

(ಕಲಬುರಗಿಯಲ್ಲಿ ಸಂಗೀತದ ವಿದ್ಯಾರ್ಥಿಗಳು ಮತ್ತು ಆಸಕ್ತರ ಮುಂದೆ ಆಡಿದ ಮಾತಿನ ಬರಹ ರೂಪ)

ನಾನು ಎರಡು ಕಾಗದ ಹಿಡಿದುಕೊಂಡು ಬಂದಿದ್ದೇನೆ. ಒಂದು ಹಿಂದೂಸ್ತಾನಿ ಗಾಯನದ ಆಮಂತ್ರಣ ಪತ್ರಿಕೆ. ನಡುವೆ ಗಾಯಕರ ಹೆಸರು ದಪ್ಪ ಅಕ್ಷರದಲ್ಲಿದೆ. ಕೆಳಗೆ ಸಣ್ಣ ಅಕ್ಷರದಲ್ಲಿ ‘ತಬಲಾ ಸಾಥ್’ ಅಂತ ಒಬ್ಬರ ಹೆಸರು, ‘ಹಾರ್ಮೋನಿಯಂ ಸಾಥ್’ ಅಂತ ಇನ್ನೊಬ್ಬರ ಹೆಸರು. ಎರಡನೆಯದು ಉರುಸಿನ ಹೊತ್ತಿಗೆ ಗೋಡೆಗೆ ಅಂಟಿಸಿದ್ದ ಕವ್ವಾಲಿ ಪೋಸ್ಟರಿನ ಫೋಟೋ. ಅದರಲ್ಲಿ ಮುಖ್ಯ ಕವ್ವಾಲರ ಹೆಸರಿದೆ. ಅದರ ಮುಂದೆ ‘ಮತ್ತು ಹಮ್ನವಾ’ ಅಂತಿದೆ. ಹಮ್ನವಾ ಅಂದರೆ ಎಷ್ಟು ಮಂದಿ? ಪೋಸ್ಟರು ಹೇಳುವುದಿಲ್ಲ.

ಈ ಕಾಗದಗಳನ್ನು ಯಾಕೆ ಎತ್ತಿಟ್ಟುಕೊಂಡೆ ಅಂತ ಹೇಳುತ್ತೇನೆ. ಗಿಟಾರ್ ಕಲಿಯುತ್ತಿರುವ ಹುಡುಗನೊಬ್ಬ ಒಂದು ದಿನ ಕ್ಲಾಸಿನಲ್ಲಿ ಎದ್ದು ನಿಂತು ಕೇಳಿದ. “ಮೇಡಂ, ಕ್ವಾರ್ಟೆಟ್‌ಗೆ ಕನ್ನಡದಾಗ ಏನಂತಾರ್ರಿ?” ನಾಲ್ಕು ಜನ ಕೂಡಿ ನುಡಿಸುವ ಗುಂಪಿಗೆ ಇಂಗ್ಲಿಷಿನಲ್ಲಿ ಇರುವ ಹೆಸರು ಅದು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ನಿಘಂಟು ತೆಗೆದೆ, ಸಂಗೀತ ಬಲ್ಲವರನ್ನು ಕೇಳಿದೆ, ನಮ್ಮೂರಿನ ಭಜನೆಯವರ ಹತ್ತಿರ ಹೋಗಿ ಕೂತೆ. ಆ ಹುಡುಕಾಟದಲ್ಲಿ ನನಗೆ ಸಿಕ್ಕಿದ್ದನ್ನು ಇವತ್ತು ನಿಮ್ಮ ಮುಂದೆ ಇಡುತ್ತಿದ್ದೇನೆ.

ಎಣಿಸುವುದಕ್ಕೆ ನಮಗೆ ಪದ ಇಲ್ಲ ಅಂತಲ್ಲ. ಕನ್ನಡದಲ್ಲಿ ಮನುಷ್ಯರನ್ನು ಎಣಿಸುವುದಕ್ಕೆ ಬೇರೆ ಸಂಖ್ಯೆಗಳೇ ಇವೆ. ಒಬ್ಬ, ಇಬ್ಬರು, ಮೂವರು, ನಾಲ್ವರು, ಐವರು. ಹಳಗನ್ನಡದಲ್ಲಿ ಇದು ಇನ್ನೂ ಮುಂದಕ್ಕೆ ಹೋಗುತ್ತಿತ್ತು. ಎಂಟು ಜನ ಅಂದರೆ ಎಣ್ಬರ್, ಹತ್ತು ಜನ ಅಂದರೆ ಪದಿಂಬರ್. ಎತ್ತು ನಾಲ್ಕು, ಆದರೆ ಜನ ನಾಲ್ವರು. ಇಷ್ಟು ಚೆಂದದ ಎಣಿಕೆ ಇಟ್ಟುಕೊಂಡ ಭಾಷೆ ಹಾಡುವ ಗುಂಪಿಗೆ ಹೆಸರಿಡುವಾಗ ಎಣಿಕೆಯನ್ನೇ ಮುಟ್ಟಲಿಲ್ಲ. ನಮ್ಮ ಹಳ್ಳಿಗಳಲ್ಲಿ ಹೊಸಬರು ಇಬ್ಬರು ಬಂದರೆ ಮೊದಲು ಏನು ಕೇಳುತ್ತೇವೆ? “ಇವರು ನಿಮಗೆ ಏನಾಗಬೇಕು?” ಅಂತ ಕೇಳುತ್ತೇವೆ, ಅಲ್ವಾ? ಸಂಗೀತದ ಗುಂಪಿನ ವಿಷಯದಲ್ಲೂ ನಮ್ಮ ಪದಗಳು ಅದೇ ಪ್ರಶ್ನೆಗೆ ಉತ್ತರ ಕೊಡುತ್ತವೆ. ಎಷ್ಟು ಮಂದಿ ಅಂತಲ್ಲ, ಒಬ್ಬರಿಗೊಬ್ಬರು ಏನಾಗಬೇಕು ಅಂತ.

ಆಮಂತ್ರಣ ಪತ್ರಿಕೆಯ ‘ಸಾಥ್’ ನೋಡಿ. ನಾವು ದಿನಾ ಬಳಸುವ ಪದ. “ಅವನಿಗೆ ನಾನು ಸಾಥ್ ಕೊಟ್ಟೆ” ಅನ್ನುತ್ತೇವೆ. ಹಿಂದಿಯಿಂದ ಬಂದಿದೆ. ಅದರ ಬೇರು ಸಂಸ್ಕೃತದ ‘ಸಾರ್ಥ’. ಸಾರ್ಥ ಅಂದರೆ ದೂರದೂರಿಗೆ ಸರಕು ಹೇರಿಕೊಂಡು ಹೊರಟ ವ್ಯಾಪಾರಿಗಳ ಗುಂಪು. ಒಬ್ಬೊಬ್ಬರೇ ಹೋದರೆ ದಾರಿಯಲ್ಲಿ ಕಳ್ಳರ ಕಾಟ, ಕಾಡಿನ ಭಯ. ಹಾಗಾಗಿ ಕೂಡಿ ಹೋಗುತ್ತಿದ್ದರು. ಆ ಸಾರ್ಥವೇ ಪ್ರಾಕೃತದ ದಾರಿಯಲ್ಲಿ ಸವೆದು ಸಾಥ್ ಆಯಿತು. ಈಗ ವೇದಿಕೆಯ ಮೇಲೆ ತಬಲಾ ಸಾಥ್ ಕೊಡುವವರನ್ನು ನೆನೆಸಿಕೊಳ್ಳಿ. ಗಾಯಕರು ವಿಲಂಬಿತದಲ್ಲಿ, ಅಂದರೆ ನಿಧಾನ ಲಯದಲ್ಲಿ, ಆಲಾಪ ಬೆಳೆಸುತ್ತಾ ಎಲ್ಲೋ ದೂರ ಹೋಗುತ್ತಾರೆ. ತಬಲಾದವರು ಠೇಕಾ, ಅಂದರೆ ತಾಳದ ಗೊತ್ತಾದ ಬಡಿತ, ಬಿಡದೆ ಜೊತೆಗೆ ನಡೆಯುತ್ತಾರೆ. ಸಮ್‌ಗೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಇಬ್ಬರೂ ಒಟ್ಟಿಗೆ ಬಂದು ಮುಟ್ಟುತ್ತಾರೆ. ಆಗ ಸಭೆ ‘ಆಹಾ’ ಅನ್ನುತ್ತದೆ. ದಾರಿ ಮುಗಿಸಿ ಊರು ಮುಟ್ಟಿದವರ ಸಮಾಧಾನ ಅದು. ಸಾಥ್ ಅನ್ನುವ ಪದದ ಒಳಗೆ ಆ ದಾರಿ ಇನ್ನೂ ಇದೆ.

ಸಾಥ್ ಬದಲು ‘ಸಂಗತ್’ ಅಂತಲೂ ಹೇಳುತ್ತಾರೆ. ಅದೂ ಕೂಡಿ ಹೋಗುವುದೇ. ಕರ್ನಾಟಕ ಸಂಗೀತದವರು ‘ಪಕ್ಕವಾದ್ಯ’ ಅನ್ನುತ್ತಾರೆ. ಅಲ್ಲಿ ದಾರಿ ಇಲ್ಲ, ಕೂತ ಜಾಗ ಇದೆ. ಯಾರ ಪಕ್ಕಕ್ಕೆ ಯಾರು ಕೂತರು ಅನ್ನುವುದೇ ಹೆಸರು. ಪಿಟೀಲು, ಮೃದಂಗ ಎರಡೇ ಇದ್ದರೂ ಪಕ್ಕವಾದ್ಯ, ಘಟ, ಖಂಜಿರ, ಮೋರ್ಸಿಂಗ್ ಸೇರಿ ಐದಾದರೂ ಪಕ್ಕವಾದ್ಯವೇ.

ಇಲ್ಲಿ ಒಂದು ಸಣ್ಣ ಅಡ್ಡದಾರಿ. ಕೂಡಿ ಪಯಣಿಸುವ ಗುಂಪು ಅಂದ ಕೂಡಲೇ ನಮ್ಮ ಭಾಗದವರಿಗೆ ‘ತಾಂಡಾ’ ನೆನಪಾಗಬೇಕು. ಎತ್ತುಗಳ ಮೇಲೆ ಉಪ್ಪು, ದವಸ ಹೇರಿಕೊಂಡು ದಖ್ಖನ್ ತುಂಬಾ ಓಡಾಡಿದ ಲಂಬಾಣಿಗಳ ಗುಂಪಿನ ಹೆಸರು ಅದು. ಅವರು ಒಂದೆಡೆ ನೆಲೆ ನಿಂತ ಮೇಲೆ ಊರಿನ ಹೆಸರಾಯಿತು. ಚಿಂಚೋಳಿ, ಚಿತ್ತಾಪುರ, ಯಾದಗಿರಿ, ಎತ್ತ ಹೋದರೂ ತಾಂಡಾಗಳು. ಇದಕ್ಕೂ ನಮ್ಮ ‘ತಂಡ’ಕ್ಕೂ ಕಿವಿಗೆ ಹತ್ತಿರ ಇದೆ. ಆದರೆ ತಂಡ ಹಳೆಯ ಕನ್ನಡದ ಪದ. ಗುಂಪು, ರಾಶಿ ಅಂತ ಅರ್ಥ. ಎರಡನ್ನೂ ಒಂದೇ ಬೇರಿಗೆ ಕಟ್ಟಿಹಾಕುವುದು ಬೇಡ. ಪದಗಳ ಹಿಂದೆ ಹೊರಟವರು ಮೊದಲು ಎಡವುವುದೇ ಇಂಥ ಕಡೆ.

ಈಗ ಪೋಸ್ಟರಿಗೆ ಬರೋಣ. ‘ಕವ್ವಾಲಿ’ ಅರಬ್ಬಿಯ ‘ಕೌಲ್’ನಿಂದ ಬಂತು. ಕೌಲ್ ಅಂದರೆ ಮಾತು, ನುಡಿ. ಆ ನುಡಿಯನ್ನು ಹಾಡುವವನು ಕವ್ವಾಲ. ಈ ಊರಿನ ಸೂಫಿ ಸಂತ ಖ್ವಾಜಾ ಬಂದೇನವಾಜರು 1422ರಲ್ಲಿ ತೀರಿಕೊಂಡರು. ಅವರ ಉರುಸು ಇವತ್ತಿಗೂ ಈ ಊರಿನ ದೊಡ್ಡ ಹಬ್ಬ. ಉರುಸ್ ಅಂದರೆ ಅರಬ್ಬಿಯಲ್ಲಿ ಮದುವೆ. ಸಂತನ ಸಾವನ್ನು ದೇವರ ಜೊತೆಗಿನ ಮದುವೆ ಅಂತ ನೋಡಿದ ಹೆಸರು ಅದು. ನಮ್ಮ ಶರಣರ ಶರಣಸತಿ, ಲಿಂಗಪತಿ ಭಾವ ಬಲ್ಲ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಮ್ನವಾ ಪಾರಸಿ ಪದ. ‘ಹಮ್’ ಅಂದರೆ ಸಮ, ಜೊತೆ. ‘ನವಾ’ ಅಂದರೆ ದನಿ, ರಾಗ. ಒಂದೇ ದನಿಯವರು, ದನಿಗೂಡಿಸುವವರು. ಮುಖ್ಯ ಕವ್ವಾಲ ಒಂದು ಸಾಲು ಎತ್ತುತ್ತಾನೆ. ಹಿಂದೆ ಕೂತವರು ಚಪ್ಪಾಳೆ ಹಾಕುತ್ತಾ ಅದನ್ನೇ ಹಿಡಿದು ಏರಿಸುತ್ತಾರೆ. ಅವರೇ ಹಮ್ನವಾ. ನಾಲ್ವರಿರಲಿ, ಹತ್ತು ಜನರಿರಲಿ, ಪೋಸ್ಟರಿಗೆ ಅದು ಬೇಕಾಗಿಲ್ಲ.

ಒಂದು ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಸಂಸ್ಕೃತದಲ್ಲಿ ‘ಸ’ ಇದ್ದ ಕಡೆ ಪಾರಸಿಯಲ್ಲಿ ಎಷ್ಟೋ ಸಲ ‘ಹ’ ಬರುತ್ತದೆ. ಸಿಂಧು ಅಲ್ಲಿ ಹಿಂದು. ಸಪ್ತ ಅಲ್ಲಿ ಹಫ್ತ್, ನಮ್ಮ ಬಜಾರಿನಲ್ಲಿ ಕೇಳುವ ಹಫ್ತಾ ಅದರಿಂದಲೇ ಬಂತು, ಏಳು ದಿನದ ವಾರ. ಹಾಗೆಯೇ ಸಂಸ್ಕೃತದ ‘ಸಮ’, ಪಾರಸಿಯ ‘ಹಮ್’. ಅಕ್ಕ ತಂಗಿಯರಂಥ ಪದಗಳು.

ಇನ್ನು ಮೇಳ. ನನಗೆ ಈ ಎಲ್ಲಾ ಪದಗಳಿಗಿಂತ ಜಾಸ್ತಿ ಪ್ರೀತಿಯ ಪದ ಇದು.

ನಮ್ಮ ಊರು ಜೇವರ್ಗಿ ಕಡೆ. ಕಡಕೋಳ ಮಡಿವಾಳಪ್ಪನವರ ತತ್ವಪದ ಹಾಡುವ ಸೀಮೆ. ಅವರ ಶಿಷ್ಯರಲ್ಲಿ ಚೆನ್ನೂರ ಜಲಾಲ ಸಾಹೇಬರೂ ಇದ್ದರು. ಅವರ ಪದಗಳನ್ನೂ ಅದೇ ಭಜನೆಯಲ್ಲಿ, ಅದೇ ಜನ ಹಾಡುತ್ತಾರೆ. ಅಮಾವಾಸ್ಯೆ ರಾತ್ರಿ ಮಠದಲ್ಲಿ ಭಜನೆ. ಊಟ ಮುಗಿಸಿ, ದನಕ್ಕೆ ಮೇವು ಹಾಕಿ, ಒಬ್ಬೊಬ್ಬರೇ ಬರುತ್ತಿದ್ದರು. ನಮ್ಮ ಆಯಿ, ಅಂದರೆ ಅಜ್ಜಿ, ನನ್ನನ್ನು ಕರೆದುಕೊಂಡು ಹೋಗಿ ಕಂಬದ ಪಕ್ಕ ಕೂರಿಸುತ್ತಿದ್ದಳು. “ಮ್ಯಾಳ ಕೂಡ್ತು ನೋಡು” ಅನ್ನುತ್ತಿದ್ದಳು. ಮೇಳವನ್ನು ನಾವು ಮ್ಯಾಳ ಅನ್ನುತ್ತೇವೆ.

ಅವರು ಕೂರುವ ರೀತಿ ನನ್ನ ಕಣ್ಣ ಮುಂದೆ ಹಾಗೇ ಇದೆ. ಏಕತಾರಿಯ ಮುತ್ಯಾ, ಹಾರ್ಮೋನಿಯಂ ಕಾಕಾ, ದಪ್ಪು ಹಿಡಿದವರು, ತಾಳ ಹಿಡಿದ ಇಬ್ಬರು ಮೂವರು. ಎಲ್ಲರೂ ದುಂಡಗೆ, ಮೊಣಕಾಲಿಗೆ ಮೊಣಕಾಲು ತಾಗಿಸಿ, ಮುಖ ಒಳಗೆ ಮಾಡಿ ಕೂರುತ್ತಿದ್ದರು. ಕೇಳುವ ನಮಗೆ ಕಾಣುತ್ತಿದ್ದದ್ದು ಅರ್ಧ ಜನರ ಬೆನ್ನು. ಹಾಡು ನಮಗಾಗಿ ಅಲ್ಲ, ಅವರವರ ನಡುವೆ. ಒಬ್ಬರು ಪಲ್ಲವಿ ಎತ್ತಿದರೆ ಉಳಿದವರು ತಿರುಗಿ ಹೇಳುತ್ತಿದ್ದರು. ಮುಂದಿನ ಪದ ಬೇರೆಯವರು ಎತ್ತುತ್ತಿದ್ದರು. ನಡುರಾತ್ರಿ ಚಹಾ ಬರುತ್ತಿತ್ತು, ಒಮ್ಮೊಮ್ಮೆ ಸುಸಲಾ. ಯಾರಾದರೂ ಎದ್ದು ಹೊರಗೆ ಹೋದರೆ ಪಕ್ಕದವರು ಸರಿದು ಆ ಜಾಗ ಮುಚ್ಚುತ್ತಿದ್ದರು. ಹೋದವರು ತಿರುಗಿ ಬಂದರೆ ಮತ್ತೆ ಸರಿದು ಜಾಗ ಬಿಡುತ್ತಿದ್ದರು. ಹಾಡು ನಿಲ್ಲುತ್ತಿರಲಿಲ್ಲ.

ಭಜನಾ ‘ಮಂಡಳಿ’ ಅಂತೀವಲ್ಲ, ಆ ಪದದಲ್ಲಿ ಇರುವುದೂ ಇದೇ ದುಂಡು. ಮಂಡಲ ಅಂದರೆ ವೃತ್ತ. ಬ್ಯಾಂಕಿನ ಆಡಳಿತ ಮಂಡಳಿಯವರು ಟೇಬಲ್ಲಿನ ಸುತ್ತ ಕೂರಬಹುದು. ಆದರೆ ಆ ಪದದ ನಿಜವಾದ ರೂಪ ನೋಡಬೇಕಾದರೆ ಅಮಾವಾಸ್ಯೆ ದಿನ ಮಠಕ್ಕೆ ಬನ್ನಿ.

ಮೇಳದ ಬೇರು ಸಂಸ್ಕೃತದ ‘ಮಿಲ್’. ಕೂಡು, ಭೇಟಿಯಾಗು ಅಂತ. ಸಮ್ಮೇಳನ ಅದರಿಂದ, ಮಿಲನ ಅದರಿಂದ, ಕೃಷಿ ಮೇಳ, ಪುಸ್ತಕ ಮೇಳ ಅದರಿಂದಲೇ. ದನಿ, ಬಣ್ಣ ಹದವಾಗಿ ಬೆರೆತರೆ ‘ಮೇಳೈಸಿತು’ ಅನ್ನುತ್ತೇವೆ. ಬೆರೆಯದಿದ್ದರೆ ‘ತಾಳಮೇಳ ಇಲ್ಲ’ ಅನ್ನುತ್ತೇವೆ. ಗೀಗೀ ಪದದ ಮೇಳ ಅಂದರೆ ಮುಂದೆ ಒಬ್ಬರು, ಹಿಂದೆ ‘ಗೀಯ ಗೀಯ’ ಅಂತ ದನಿ ಎಳೆಯುವ ಇಬ್ಬರು. ಆ ಎಳೆತದಿಂದಲೇ ಹಾಡಿಗೆ ಗೀಗೀ ಅಂತ ಹೆಸರು. ಅದು ಮೂವರ ಗುಂಪು. ಮೊಹರಮ್ಮಿನಲ್ಲಿ ರಿವಾಯತ್ ಹಾಡುತ್ತಾ ಹೆಜ್ಜೆ ಹಾಕುವ ಮೇಳದಲ್ಲಿ ಹದಿನೈದು ಇಪ್ಪತ್ತು ಜನ ಇರಬಹುದು. ಕೇರಳದ ತ್ರಿಶ್ಶೂರ್ ಪೂರಂನಲ್ಲಿ 200ಕ್ಕೂ ಹೆಚ್ಚು ಮಂದಿ ನಿಂತು ಚೆಂಡೆ, ಕೊಂಬು, ತಾಳ ನುಡಿಸುತ್ತಾರೆ. ಅದಕ್ಕೂ ‘ಮೇಳಂ’ ಅಂತಲೇ ಹೆಸರು. ಮೂವರಿಗೂ ಅದೇ ಪದ, ಇನ್ನೂರು ಜನರಿಗೂ ಅದೇ ಪದ. ಕೂಡಿದರೆ ಮೇಳ. ಕೂಡದಿದ್ದರೆ ಐನೂರು ಮಂದಿ ಇದ್ದರೂ ಅಲ್ಲ.

ಮೇಳದ ಒಳಗೂ ನಾವು ಗುರುತಿಸುವುದು ಜಾಗವನ್ನು. ಮುಂದಿನವರು ಮುಮ್ಮೇಳ, ಹಿಂದಿನವರು ಹಿಮ್ಮೇಳ. ಕರಾವಳಿಯ ಯಕ್ಷಗಾನದಲ್ಲಿ ಭಾಗವತರು, ಮದ್ದಲೆ, ಚೆಂಡೆ ಸೇರಿ ಹಿಮ್ಮೇಳ. ಕುಣಿಯುವವರು ಮುಮ್ಮೇಳ. ನಮ್ಮ ದೊಡ್ಡಾಟದಲ್ಲೂ ಹಿಮ್ಮೇಳ ಇದೆ. ಪತ್ರಿಕೆಯವರು “ಅವರ ಹೇಳಿಕೆಗೆ ಇವರ ಹಿಮ್ಮೇಳ” ಅಂತ ಬರೆಯುತ್ತಾರೆ. ಅಲ್ಲಿ ಪದ ಸ್ವಲ್ಪ ಬಡವಾಗಿದೆ ಅಂತ ನನಗೆ ಅನ್ನಿಸುತ್ತದೆ. ಹೂಂಗುಟ್ಟುವುದು ಹಿಮ್ಮೇಳದ ಕೆಲಸ ಅಲ್ಲ. ಮುಂದಿನವರಿಗೆ ಉಸಿರು ತೆಗೆದುಕೊಳ್ಳಲು ಹೊತ್ತು ಕೊಡುವುದು, ಶ್ರುತಿ ಜಾರಿದರೆ ಹಿಡಿದು ನಿಲ್ಲಿಸುವುದು, ಮರೆತ ಸಾಲು ನೆನಪಿಸುವುದು ಅದರ ಕೆಲಸ. ನಮ್ಮ ಹಾರ್ಮೋನಿಯಂ ಕಾಕಾ, ಹಾಡುವವರು ಸಾಲು ಮರೆತರೆ ತಾವೇ ಮೊದಲ ಅಕ್ಷರ ಮೆಲ್ಲಗೆ ಹೇಳುತ್ತಿದ್ದರು. ಹೊರಗಿನವರಿಗೆ ಅದು ಗೊತ್ತಾಗುತ್ತಲೇ ಇರಲಿಲ್ಲ.

ಹಾಗಾದರೆ ಯುರೋಪಿನವರು ಯಾಕೆ ಎಣಿಸಿದರು? ಆ ಹುಡುಗನ ಪ್ರಶ್ನೆ ಕೂತಿರುವುದೇ ಇಲ್ಲಿ. ಅವರ ಪದಗಳು ಬಹುಪಾಲು ಇಟಾಲಿಯನ್ ಮೂಲದವು. ಸೋಲೋ ಅಂದರೆ ಒಂಟಿ. ಡ್ಯುಯೆಟ್ ಇಬ್ಬರು, ಟ್ರಿಯೋ ಮೂವರು, ಕ್ವಾರ್ಟೆಟ್ ನಾಲ್ವರು, ಕ್ವಿಂಟೆಟ್ ಐವರು. ಹೀಗೆ ಎಂಟರ ಆಕ್ಟೆಟ್, ಒಂಬತ್ತರ ನೊನೆಟ್‌ವರೆಗೂ ಹೋಗುತ್ತದೆ. ಸೋಲೋ ಒಂದನ್ನು ಬಿಟ್ಟರೆ ಎಲ್ಲದರ ಒಳಗೂ ಲ್ಯಾಟಿನ್ ಸಂಖ್ಯೆ ಇದೆ.

ಕಾರಣ ಅವರ ಸಂಗೀತ ಕಟ್ಟುವ ರೀತಿಯಲ್ಲಿದೆ. ಅಲ್ಲಿ ರಚನೆಕಾರ ಪ್ರತಿಯೊಬ್ಬರಿಗೂ ಬೇರೆ ಬೇರೆ ಸ್ವರಸಾಲು ಬರೆದು ಕೊಡುತ್ತಾನೆ. ಸ್ಟ್ರಿಂಗ್ ಕ್ವಾರ್ಟೆಟ್ ಅಂದರೆ ಎರಡು ಪಿಟೀಲು, ಒಂದು ವಯೋಲಾ, ಒಂದು ಚೆಲ್ಲೊ. ನಾಲ್ವರ ಮುಂದೆ ನಾಲ್ಕು ಬೇರೆ ಹಾಳೆ. ಜೋಸೆಫ್ ಹೈಡನ್ ಅಂಥ 68 ರಚನೆ ಬರೆದು ಆ ರೂಪವನ್ನು ಗಟ್ಟಿ ಮಾಡಿದ. ಅದರಲ್ಲಿ ಒಬ್ಬ ಜ್ವರ ಬಂದು ಮಲಗಿದರೆ ಆ ಹೊತ್ತಿಗೆ ರಚನೆಯೇ ಇಲ್ಲ. ಕಾಲು ಭಾಗ ಕಿತ್ತುಹೋಯಿತು. ಮೂವರು ಸರಿದು ಜಾಗ ಮುಚ್ಚಲು ಬರುವುದಿಲ್ಲ. ಐದನೆಯವರು ಪ್ರೀತಿಯಿಂದ ಬಂದು ಕೂತರೂ ಅವರಿಗೆ ಹಾಳೆ ಇಲ್ಲ. ಹಾಗಾಗಿ ಸಂಖ್ಯೆಯೇ ಹೆಸರಾಯಿತು. ಮೆಂಡೆಲ್ಸನ್ 1825ರಲ್ಲಿ, 16ನೇ ವಯಸ್ಸಿನಲ್ಲಿ, ಎಂಟು ತಂತಿವಾದ್ಯಗಳಿಗೆ ಆಕ್ಟೆಟ್ ಬರೆದ. ಎಂಟಕ್ಕೆ ಎಂಟೂ ಬೇರೆ ದನಿ. ಹದಿನಾರರ ಹುಡುಗ ಅಷ್ಟು ದನಿಗಳನ್ನು ತಲೆಯಲ್ಲಿ ಇಟ್ಟುಕೊಂಡಿದ್ದ ಅನ್ನುವುದು ನೆನೆಸಿಕೊಂಡರೇ ಮೈ ಜುಂ ಅನ್ನುತ್ತದೆ.

ವಿದ್ಯಾರ್ಥಿಗಳಿಗೆ ಒಂದು ಎಚ್ಚರಿಕೆ. ಪಿಯಾನೋ ಕ್ವಿಂಟೆಟ್ ಅಂದರೆ ಐದು ಪಿಯಾನೋ ಅಲ್ಲ. ಒಂದು ಪಿಯಾನೋ, ಜೊತೆಗೆ ನಾಲ್ಕು ತಂತಿವಾದ್ಯ.

ನಮ್ಮಲ್ಲಿ ಹಾಡು ಒಂದೇ ಎಳೆ. ಎಲ್ಲರೂ ಅದೇ ಎಳೆ ಹಿಡಿಯುತ್ತಾರೆ. ಇಬ್ಬರು ಹಿಡಿದರೂ ಅದು ಎಳೆಯೇ, ಇಪ್ಪತ್ತು ಜನ ಹಿಡಿದರೂ ಎಳೆಯೇ. ದಪ್ಪ ಆಗಬಹುದು, ಬೇರೆಯಾಗುವುದಿಲ್ಲ. ಅದಕ್ಕೇ ನಮ್ಮ ಹೆಸರುಗಳಿಗೆ ಎಣಿಕೆ ಬೇಕಾಗಲಿಲ್ಲ. ಇದರಲ್ಲಿ ಒಂದು ಮೇಲು, ಒಂದು ಕೀಳು ಅಂತ ನಾನು ಹೇಳುತ್ತಿಲ್ಲ. ಎರಡು ಬೇರೆ ನೇಯ್ಗೆ, ಅಷ್ಟೇ.

ಗುಂಪು ದೊಡ್ಡದಾದರೆ ಅವರೂ ಎಣಿಕೆ ಬಿಡುತ್ತಾರೆ. ‘ಆರ್ಕೆಸ್ಟ್ರಾ’ ಗ್ರೀಕ್ ಪದ. ಕುಣಿಯುವ ಜಾಗ ಅಂತ ಅರ್ಥ. ಬಯಲು ನಾಟಕಶಾಲೆಯಲ್ಲಿ ವೇದಿಕೆಯ ಮುಂದೆ ಒಂದು ದುಂಡನೆಯ ಅಂಗಳ ಇರುತ್ತಿತ್ತು. ಮೇಳದವರು ಅಲ್ಲಿ ಹಾಡುತ್ತಾ ಕುಣಿಯುತ್ತಿದ್ದರು. ಆ ಮೇಳಕ್ಕೆ ‘ಕೋರಸ್’ ಅಂತ ಹೆಸರು, ಅದರ ಮೂಲ ಅರ್ಥವೂ ಕುಣಿತವೇ. ಗ್ರೀಕ್ ನಾಟಕಕಾರ ಏಸ್ಕಿಲಸನ ಕಾಲಕ್ಕೆ 12 ಜನ ಇದ್ದರು, ಆಮೇಲಿನ ನಾಟಕಕಾರ ಸೋಫೋಕ್ಲಿಸ್ 15 ಮಾಡಿದ. ಶತಮಾನಗಳ ಮೇಲೆ ಇಟಲಿಯಲ್ಲಿ ಒಪೆರಾ ಹುಟ್ಟಿದಾಗ, ವೇದಿಕೆಯ ಮುಂದಿನ ಅದೇ ಜಾಗದಲ್ಲಿ ವಾದ್ಯದವರನ್ನು ಕೂರಿಸಿದರು. ಮೊದಲು ಆ ಜಾಗ ಆರ್ಕೆಸ್ಟ್ರಾ, ಆಮೇಲೆ ಅಲ್ಲಿ ಕೂತವರೇ ಆರ್ಕೆಸ್ಟ್ರಾ. ಕುಣಿತ ಹೋಯಿತು, ಹೆಸರು ಉಳಿಯಿತು. ಈಗ ಗಣೇಶ ಚತುರ್ಥಿಗೆ ಸಿನಿಮಾ ಹಾಡು ಹಾಡುವ ನಮ್ಮ ಹುಡುಗರ ಗುಂಪಿಗೂ ಅದೇ ಹೆಸರು. ಜನ ಮುಂದೆ ಕುಣಿಯುತ್ತಾರೆ. ಒಂದು ರೀತಿಯಲ್ಲಿ ಪದ ತನ್ನ ಹಳೇ ಮನೆಗೆ ಬಂದಂತಾಯಿತು!

‘ಬ್ಯಾಂಡ್’ ಬಗ್ಗೆ ಎರಡೇ ಮಾತು. ಗುಂಪು ಅನ್ನುವ ಅರ್ಥದ ಬ್ಯಾಂಡ್ ಫ್ರೆಂಚಿನಿಂದ ಇಂಗ್ಲಿಷಿಗೆ ಬಂತು. ಅದರ ಹಿಂದೆ ಗುರುತು, ಬಾವುಟ ಅನ್ನುವ ಅರ್ಥದ ಹಳೆಯ ಪದ ಇರಬೇಕು ಅನ್ನುತ್ತಾರೆ ಬಲ್ಲವರು. ಒಂದು ಬಾವುಟದ ಹಿಂದೆ ನಡೆದ ಸೈನಿಕರು, ಆಮೇಲೆ ಸೈನ್ಯದ ವಾದ್ಯದವರು. ಮದುವೆ ಬ್ಯಾಂಡಿನವರ ಹೆಗಲ ಮೇಲಿನ ಜರಿ ಪಟ್ಟಿ, ಹಿತ್ತಾಳೆ ಗುಂಡಿ ನೋಡಿ. ಆ ಸೈನಿಕ ಇನ್ನೂ ಅಲ್ಲಿದ್ದಾನೆ. ಜುಗಲ್‌ಬಂದಿಯ ‘ಬಂದಿ’ ಬೇರೆ. ಅದು ಕಟ್ಟು, ಬಂಧ. ಜುಗಲ್ ಅಂದರೆ ಯುಗಳ. ಇಬ್ಬರನ್ನು ಒಂದೇ ಗಂಟಿನಲ್ಲಿ ಕಟ್ಟಿದ್ದು.

ಇಷ್ಟು ಹೇಳಿದ ಮೇಲೆ ನನ್ನ ಮಾತಿಗೆ ಎದುರಾಗಿ ನಿಲ್ಲುವ ಒಂದು ಉದಾಹರಣೆಯನ್ನು ನಾನೇ ತರಬೇಕು. ನಮ್ಮಲ್ಲೂ ಎಣಿಸಿದವನೊಬ್ಬ ಇದ್ದಾನೆ. ಅವನು ಶಾರ್ಙ್ಗದೇವ. 13ನೇ ಶತಮಾನ, ದೇವಗಿರಿಯ ಸೇವುಣ ದೊರೆ ಸಿಂಘಣನ ಆಸ್ಥಾನ. ಆ ಆಡಳಿತ ನಮ್ಮ ಸೀಮೆಗೂ ಹಬ್ಬಿತ್ತು. ಅವನ ಸಂಗೀತಶಾಸ್ತ್ರದ ಗ್ರಂಥ ಸಂಗೀತರತ್ನಾಕರದಲ್ಲಿ ‘ವೃಂದ’ ಅನ್ನುವ ಭಾಗ ಇದೆ. ಹಾಡುವವರು, ನುಡಿಸುವವರು ಕೂಡಿದರೆ ವೃಂದ. ಅದರಲ್ಲಿ ಉತ್ತಮ, ಮಧ್ಯಮ, ಕನಿಷ್ಠ ಅಂತ ಮೂರು. ಉತ್ತಮ ವೃಂದಕ್ಕೆ 4 ಜನ ಮುಖ್ಯ ಗಾಯಕರು, 8 ಜನ ಸಮಗಾಯಕರು, 12 ಜನ ಗಾಯಕಿಯರು, 4 ಕೊಳಲು, 4 ಮೃದಂಗ. ಒಟ್ಟು 32. ಮಧ್ಯಮ ಅದರ ಅರ್ಧ. ಕನಿಷ್ಠದಲ್ಲಿ ಮುಖ್ಯ ಗಾಯಕ ಒಬ್ಬನೇ.

ಇವನೇಕೆ ಇಷ್ಟು ಲೆಕ್ಕ ಹಾಕಿದ? ಶಾರ್ಙ್ಗದೇವನ ಉದ್ಯೋಗವೇ ಲೆಕ್ಕ. ಅವನು ಅರಮನೆಯ ಶ್ರೀಕರಣಾಧಿಕಾರಿ, ಅಂದರೆ ಲೆಕ್ಕಪತ್ರದ ಮುಖ್ಯಸ್ಥ. ಅರಮನೆ ಅಂದ ಮೇಲೆ ಸಂಬಳ, ಬಟ್ಟೆ, ಊಟ. ಎಷ್ಟು ಮಂದಿ ಅನ್ನುವುದು ಅಲ್ಲಿ ಬೇಕೇ ಬೇಕು. ಇದು ನನ್ನ ಊಹೆ, ಆದರೆ ನನಗೆ ನಂಬಿಕೆ ಇರುವ ಊಹೆ. ಮಠದ ಭಜನೆಗೆ ಯಾರೂ ಸಂಬಳ ಕೊಡುವುದಿಲ್ಲ, ಯಾರೂ ಎಣಿಸುವುದಿಲ್ಲ. ಇನ್ನೊಂದು ಮಾತು ಹೇಳಬೇಕು. ಶಾರ್ಙ್ಗದೇವ ತನಗಿಂತ ಹಿಂದಿನ ಶಾಸ್ತ್ರಕಾರರನ್ನು ನೆನೆಯುವಾಗ ಸೋಮೇಶ್ವರನ ಹೆಸರನ್ನೂ ಹೇಳುತ್ತಾನೆ. ಈಗಿನ ಬಸವಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಅವನು. ಸಂಗೀತದ ಲಕ್ಷಣ ಬರೆಯುವ ಕೆಲಸ ನಮ್ಮ ನೆಲದಲ್ಲಿ ಅಷ್ಟು ಹಿಂದೆಯೇ ನಡೆದಿತ್ತು.

ಈಗ ಆ ‘ಸಮಗಾಯಕ’ ಪದ ನೋಡಿ. ಶಾರ್ಙ್ಗದೇವನ ಮಾತಿನಲ್ಲಿ ‘ಸಮಗಾಯನ’. ಮುಖ್ಯ ಗಾಯಕನ ಜೊತೆ ದನಿಗೂಡಿಸುವವನು. ಸಮ ಅಂದರೆ ಹಮ್ ಅಂತ ಆಗಲೇ ನೋಡಿದೆವು. ಸಮಗಾಯನ, ಹಮ್ನವಾ. ಒಂದೇ ಅಚ್ಚಿನಲ್ಲಿ ತೆಗೆದ ಎರಡು ಪದ. ದೇವಗಿರಿಯ ಆಸ್ಥಾನದ ಸಂಸ್ಕೃತ ಗ್ರಂಥದಲ್ಲಿ ಒಂದು, ಕಲಬುರಗಿಯ ಗೋಡೆಯ ಮೇಲಿನ ಪೋಸ್ಟರಿನಲ್ಲಿ ಇನ್ನೊಂದು. ಇದು ಹೊಳೆದ ದಿನ ನಾನು ರಾತ್ರಿ ಬಹಳ ಹೊತ್ತು ನಿದ್ದೆ ಮಾಡಲಿಲ್ಲ.

ಉತ್ತಮ ವೃಂದಕ್ಕಿಂತಲೂ ಹೆಚ್ಚು ಜನ ಸೇರಿದರೆ? ಅದಕ್ಕೂ ಹೆಸರು ಕೊಟ್ಟಿದ್ದಾನೆ. ‘ಕೋಲಾಹಲ’! ಹೌದು, ನಾವು ಗದ್ದಲಕ್ಕೆ ಹೇಳುವ ಅದೇ ಪದ. ಅವನ ಲೆಕ್ಕದಲ್ಲಿ ಅದು ಬೈಗುಳ ಅಲ್ಲ, ಗುಂಪಿನ ಒಂದು ಅಳತೆ.

ಮೂವತ್ತೆರಡು ಅಂದಾಗ ನನಗೆ ಬಸವಣ್ಣನವರ ವಚನ ನೆನಪಾಗುತ್ತದೆ. ಮೈಯನ್ನೇ ದಂಡಿಗೆ ಮಾಡು, ತಲೆಯನ್ನೇ ಸೋರೆ ಮಾಡು ಅಂತ ಬೇಡಿ, ‘ಬತ್ತೀಸ ರಾಗ’ ಹಾಡು ಅನ್ನುತ್ತಾರೆ. ಬತ್ತೀಸ ಅಂದರೆ 32. ಎರಡು ಲೆಕ್ಕಕ್ಕೂ ಸಂಬಂಧ ಇದೆ ಅಂತ ನಾನು ಹೇಳುವುದಿಲ್ಲ. ಆದರೆ ಅರಮನೆಯಲ್ಲಿ 32 ಮಂದಿ, ಕಲ್ಯಾಣದಲ್ಲಿ ಒಂದೇ ಮೈಯಲ್ಲಿ 32 ರಾಗ. ಸುಮ್ನೆ ಪಕ್ಕಪಕ್ಕ ಇಟ್ಟು ನೋಡಿ.

ಅರಮನೆಯ ಎಣಿಕೆಯ ಇನ್ನೊಂದು ಪದ ನಮ್ಮ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ‘ಸಮಧಿಗತ ಪಂಚಮಹಾಶಬ್ದ’. ಐದು ಮಹಾವಾದ್ಯಗಳ ಗೌರವ ಪಡೆದವನು ಅಂತ ಅರ್ಥ. ಸೇಡಂ ತಾಲೂಕಿನ ಮಳಖೇಡದಿಂದ ಆಳಿದ ರಾಷ್ಟ್ರಕೂಟರು, ಆಮೇಲೆ ಕಲ್ಯಾಣದ ಚಾಲುಕ್ಯರು ತಮ್ಮ ಸಾಮಂತರಿಗೆ ಈ ಗೌರವ ಕೊಡುತ್ತಿದ್ದರು. ಆ ಐದು ಯಾವುವು ಅಂದರೆ ಶೃಂಗ, ತಮ್ಮಟ, ಶಂಖ, ಭೇರಿ, ಜಯಘಂಟೆ ಅಂತ ವಿವೇಕಚಿಂತಾಮಣಿ ಅನ್ನುವ ಹಳೆಯ ಗ್ರಂಥದ ಪಟ್ಟಿ. ಗಮನಿಸಿ, ಇಲ್ಲಿ ಎಣಿಸಿದ್ದು ವಾದ್ಯಗಳನ್ನು. ನುಡಿಸಿದ ಮಂದಿಯನ್ನಲ್ಲ.

ಎಣಿಕೆ ಇಲ್ಲದ ಕಡೆ ಎಣಿಕೆ ಹುಡುಕುವುದೂ ಉಂಟು. ಬೀದರ ಕೋಟೆಯಲ್ಲಿ ನೌಬತ್ ಖಾನಾ ಇದೆ. ನೌ ಅಂದರೆ ಒಂಬತ್ತು, ಒಂಬತ್ತು ವಾದ್ಯ ನುಡಿಸುತ್ತಿದ್ದರು, ಅದಕ್ಕೇ ನೌಬತ್ ಅಂತ ಹೇಳುವವರಿದ್ದಾರೆ. ಕೇಳಲು ಸರಿ ಅನ್ನಿಸುತ್ತದೆ. ಆದರೆ ನೌಬತ್ ಅರಬ್ಬಿ ಪದ. ‘ಸರದಿ’ ಅಂತ ಅರ್ಥ. ದಿನದ ಗೊತ್ತಾದ ಹೊತ್ತುಗಳಲ್ಲಿ, ಸರದಿಯಂತೆ ನಗಾರಿ, ಶಹನಾಯಿ ಮೊಳಗುತ್ತಿದ್ದವು. ಗಡಿಯಾರ ಇಲ್ಲದ ಊರಿಗೆ ಅದೇ ಗಡಿಯಾರ. ಆ ಗುಂಪಿನ ಹೆಸರು ಬಂದದ್ದು ಹೊತ್ತಿನಿಂದ, ತಲೆಯೆಣಿಕೆಯಿಂದ ಅಲ್ಲ.

ಹೊತ್ತು ಆಯಿತು, ಜಾಗ ಆಯಿತು, ದಾರಿ ಆಯಿತು. ಇನ್ನು ಕೂರುವುದು. ‘ಬೈಠಕ್’ ಅಂದರೆ ಕೂರುವುದು. ‘ಮಜ್ಲಿಸ್’, ‘ಜಲಸಾ’ ಎರಡೂ ಅರಬ್ಬಿಯ ಒಂದೇ ಬೇರಿನವು, ಅದೂ ಕೂರುವುದೇ. ಈಗ ಜಲ್ಸಾ ಅಂದರೆ ಮೋಜು ಅಂತಾಗಿದೆ. ಹಿಂದೆ ಗಾಯನದ ಬೈಠಕ್ಕಿಗೇ ಜಲಸಾ ಅನ್ನುತ್ತಿದ್ದರು. ‘ವಾದ್ಯಗೋಷ್ಠಿ’ಯ ಗೋಷ್ಠಿ ಇನ್ನೂ ಚೆಂದ. ಗೋಷ್ಠ ಅಂದರೆ ದನಗಳು ನಿಲ್ಲುವ ಜಾಗ, ದನದ ಕೊಟ್ಟಿಗೆ. ಸಂಜೆ ಮೇದು ಬಂದ ದನಗಳೆಲ್ಲ ಅಲ್ಲಿ ಸೇರುತ್ತವೆ, ಕೊರಳ ಗಂಟೆಯ ಸಪ್ಪಳ ಕೂಡುತ್ತದೆ. ದನದ ಹಿಂದೆ ಜನ, ಜನದ ಹಿಂದೆ ಮಾತು, ಮಾತಿನ ಹಿಂದೆ ಹಾಡು. ವಾದ್ಯಗೋಷ್ಠಿ ಅನ್ನುವ ಪದ ಓದಿದಾಗಲೆಲ್ಲ ನನಗೆ ಗೋಧೂಳಿ ಕಾಣುತ್ತದೆ.

ಆ ಹುಡುಗ ಇವತ್ತು ಇಲ್ಲೇ ಕೂತಿದ್ದಾನೆ. ಕ್ವಾರ್ಟೆಟ್‌ಗೆ ಕನ್ನಡದಲ್ಲಿ ‘ನಾಲ್ವರ ಮೇಳ’ ಅನ್ನಪ್ಪ. ‘ಚತುರ್ವಾದನ’ ಅಂತ ಯಾರಾದರೂ ಹೇಳಿಕೊಟ್ಟರೆ ಬಳಸಬೇಡ. ನಾಲಿಗೆಗೂ ಭಾರ, ಕಿವಿಗೂ ಭಾರ. ನಾಲ್ವರು ಅನ್ನುವಲ್ಲಿ ಅವರ ಎಣಿಕೆ ಇದೆ, ಮೇಳ ಅನ್ನುವಲ್ಲಿ ನಮ್ಮ ಕೂಟ ಇದೆ.

ಈ ಮಾತಿಗೆ ತಯಾರಿ ಮಾಡುವಾಗ ಅಮಾವಾಸ್ಯೆಗೆ ಊರಿಗೆ ಹೋಗಿದ್ದೆ. ಏಕತಾರಿಯ ಮುತ್ಯಾ ಈಗಿಲ್ಲ. ದಪ್ಪಿನವರು, ತಾಳದವರು ದುಡಿಯಲು ಹೈದರಾಬಾದಿಗೆ, ಪುಣೆಗೆ ಹೋಗಿದ್ದಾರೆ. ಮಠದಲ್ಲಿ ಇದ್ದವರು ಇಬ್ಬರೇ. ಹಾರ್ಮೋನಿಯಂ ಕಾಕಾ, ಮತ್ತು ತಾಳ ಹಿಡಿದ ಅವರ ಮೊಮ್ಮಗಳು. ಇಬ್ಬರೂ ಎದುರುಬದುರು, ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿದ್ದರು. ನಾನು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದೆ. ಕಾಕಾ ತಲೆ ಎತ್ತಿ ನೋಡಿ, ಸ್ವಲ್ಪ ಸರಿದು ನೆಲ ತಟ್ಟಿದರು.

“ಬಾರವ್ವ, ಮ್ಯಾಳ ಕೂಡ್ಯಾದ.”